ಸಿಡಿಲು ಮತ್ತು ಸರ್ಜ್‌ನಿಂದ ವಿದ್ಯುತ್ ಉಪಕರಣಗಳನ್ನು ಕಾಪಾಡುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸರ್ಜ್ (ಲೈನ್‌ನಲ್ಲಿ ಕ್ಷಣಾರ್ಧದಲ್ಲಿ ಏರಿ ಇಳಿಯುವ ವೋಲ್ಟೇಜ್) ತಡೆಯುವ ಪ್ರೊಟೆಕ್ಟರ್ ಹಾಕಿಸಿದ ಮೇಲೂ ಟಿವಿ ಸುಟ್ಟಿತು, ಮೋಡೆಮ್ ಹೋಯಿತು, ಫ್ರಿಜ್‌ನ ಬೋರ್ಡ್ ಬದಲಾಯಿಸಬೇಕಾಯಿತು ಎನ್ನುವ ದೂರು ನಿಲ್ಲುವುದೇ ಇಲ್ಲ. ಇಂಥ ಕಡೆ ಬೋರ್ಡ್ ತೆರೆದು ನೋಡಿದರೆ ಸಾಧನವೇ ಕಳಪೆಯಾಗಿರುವುದು ಕಡಿಮೆ. ಒಂದೋ ಅರ್ತ್ ಸರಿ ಇರುವುದಿಲ್ಲ, ಇಲ್ಲವೇ ಸಾಧನವನ್ನು ಉದ್ದುದ್ದ ವೈರ್ ಎಳೆದು ಜೋಡಿಸಿರುತ್ತಾರೆ. ಅದೆರಡೂ ಸರಿ ಇದ್ದರೆ, ಕರೆಂಟ್ ವೈರ್ ಒಂದನ್ನೇ ಕಾಯ್ದು ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್‌ಗಳನ್ನು ಮರೆತಿರುತ್ತಾರೆ.

ಹಾಗಾಗಿ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಜಾಸ್ತಿ ಜನ ಸ್ಪೈಕ್ ಗಾರ್ಡ್ (ಸರ್ಜ್ ತಡೆಯುವ ಎಕ್ಸ್‌ಟೆನ್ಷನ್ ಬೋರ್ಡ್) ಕೊಂಡುಕೊಳ್ಳುವುದರಿಂದ ಶುರು ಮಾಡುತ್ತಾರೆ. ಅದು ಏಳನೇ ಹಂತದ ಕೆಲಸ. ಮೊದಲಿನ ಹಂತಗಳನ್ನು ಬಿಟ್ಟು ಅಲ್ಲಿಗೆ ಹಾರಿದರೆ ಹಣ ಖರ್ಚಾಗುತ್ತದೆ, ರಕ್ಷಣೆ ಸಿಗುವುದಿಲ್ಲ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಮೇನ್ ಬೋರ್ಡ್ ಒಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕಾದದ್ದು. ಮೇನ್ ಸ್ವಿಚ್ ಆಫ್ ಮಾಡಿದರೂ ಮೀಟರ್‌ನಿಂದ ಸ್ವಿಚ್‌ವರೆಗಿನ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ನೀವು ಮಾಡಬೇಕಾದದ್ದು ಏನು ಮಾಡಿಸಬೇಕು ಎಂದು ತಿಳಿದುಕೊಳ್ಳುವುದು, ಆಮೇಲೆ ಅದು ಸರಿಯಾಗಿ ಆಗಿದೆಯೇ ಎಂದು ನೋಡುವುದು.

## ಬೇಕಾಗುವ ಸಾಮಾನು

ನಿಮ್ಮ ಕೈಯಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ಅಳತೆ ಟೇಪ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಎಲೆಕ್ಟ್ರಿಷಿಯನ್ ಹತ್ತಿರ ಅರ್ತ್ ಟೆಸ್ಟರ್ (ಅರ್ತ್‌ನ ಓಮ್ ಅಳೆಯುವ ಮೀಟರ್) ಇರಬೇಕು. ಲಗ್‌ಗಳು (ವೈರ್‌ನ ತುದಿಗೆ ಹಾಕುವ ಲೋಹದ ಟೋಪಿ), ಅವನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ವೋಲ್ಟೇಜ್ ಟೆಸ್ಟರ್, ಮೆಗ್ಗರ್ (ವೈರ್‌ನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಇರಬೇಕು. ಅರ್ತ್ ಟೆಸ್ಟರ್ ಇಲ್ಲದೆ ಬಂದು "ಅರ್ತ್ ಚೆನ್ನಾಗಿದೆ ಬಿಡಿ" ಎನ್ನುವವರ ಮಾತು ನಂಬಬೇಡಿ. ಅದು ಕಣ್ಣಿಗೆ ಕಾಣುವ ವಿಷಯವಲ್ಲ.

## ಹಂತ 1: ನಿಮ್ಮ ತೊಂದರೆ ಯಾವುದು ಎಂದು ಗುರುತಿಸಿ

"ವೋಲ್ಟೇಜ್ ಪ್ರಾಬ್ಲಂ" ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಬೇರೆ ಬೇರೆ ರೋಗಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲನೆಯದು ಸರ್ಜ್. ಸಿಡಿಲು ಹತ್ತಿರ ಬಿದ್ದಾಗ, ದೊಡ್ಡ ಮೋಟರ್ ಅಥವಾ ಟ್ರಾನ್ಸ್‌ಫಾರ್ಮರ್ ಆನ್–ಆಫ್ ಆದಾಗ ಲೈನ್‌ನಲ್ಲಿ ಸಾವಿರಾರು ವೋಲ್ಟ್ ಏರಿ ಇಳಿಯುತ್ತದೆ. ಎಲ್ಲ ಮುಗಿಯುವುದು ಮೈಕ್ರೋಸೆಕೆಂಡ್‌ಗಳಲ್ಲಿ. ಇದಕ್ಕೆ ಮದ್ದು ಎಸ್‌ಪಿಡಿ, ಅಂದರೆ ಸರ್ಜ್ ಪ್ರೊಟೆಕ್ಟಿವ್ ಡಿವೈಸ್. ಸಿಡಿಲು ನಿಮ್ಮ ಮನೆಯ ಮೇಲೇ ಬೀಳಬೇಕು ಎಂದೇನಿಲ್ಲ. ದೂರದ ಲೈನ್ ಮೇಲೆ ಬಿದ್ದರೂ ತಂತಿ ಹಿಡಿದು ಬರುತ್ತದೆ. ಪಕ್ಕದ ನೆಲಕ್ಕೆ ಬಿದ್ದರೂ ಕೇಬಲ್‌ಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ.

ಎರಡನೆಯದು ಓವರ್ ವೋಲ್ಟೇಜ್. 230 ವೋಲ್ಟ್ ಇರಬೇಕಾದ ಕಡೆ 280, 300, ಕೆಲವೊಮ್ಮೆ 400ರ ಹತ್ತಿರ ಬಂದು ಸೆಕೆಂಡ್‌ಗಟ್ಟಲೆ, ನಿಮಿಷಗಟ್ಟಲೆ ಹಾಗೇ ನಿಲ್ಲುತ್ತದೆ. ಮೂರು ಫೇಸ್ ಲೈನ್‌ನಲ್ಲಿ ನ್ಯೂಟ್ರಲ್ ಕಡಿದುಹೋದರೆ ಆಗುವುದು ಇದೇ. ಇದಕ್ಕೆ ಎಸ್‌ಪಿಡಿ ಉತ್ತರವಲ್ಲ. ಕ್ಷಣಾರ್ಧದ ಸರ್ಜ್ ತಡೆಯುವುದಕ್ಕೆಂದು ಮಾಡಿದ ಸಾಧನವನ್ನು ನಿಮಿಷಗಟ್ಟಲೆ 350 ವೋಲ್ಟ್‌ನಲ್ಲಿ ಇಟ್ಟರೆ ಅದೇ ಬಿಸಿಯಾಗಿ ಸಾಯುತ್ತದೆ.

ಇನ್ನು ಲೋ ವೋಲ್ಟೇಜ್, ನಿಧಾನದ ಏರಿಳಿತ. ಅದಕ್ಕೆ ಸ್ಟೆಬಿಲೈಸರ್. ಸ್ಟೆಬಿಲೈಸರ್ ಇದೆ ಅಂತ ಸಿಡಿಲಿನ ಚಿಂತೆ ಬಿಟ್ಟವರು ತುಂಬಾ ಜನ. ಸಾಮಾನ್ಯ ಸ್ಟೆಬಿಲೈಸರ್ ಒಳಗೆ ರಿಲೇ ಬದಲಾಗುವುದಕ್ಕೆ ಮಿಲಿಸೆಕೆಂಡ್‌ಗಳು ಬೇಕು. ಅಷ್ಟರಲ್ಲಿ ಸರ್ಜ್ ಬಂದು ಹೋಗಿ ಆಗಿರುತ್ತದೆ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಫ್ಯೂಸ್‌ಗಳ ಕತೆಯೂ ಇದೇ. ಅವು ವೈರ್ ಸುಡದಂತೆ ಕಾಯುತ್ತವೆ. ಕರೆಂಟ್ ಅರ್ತ್‌ಗೆ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಜೀವ ಕಾಯುತ್ತದೆ. ಸರ್ಜ್ ತಡೆಯುವುದು ಇವುಗಳ ಕೆಲಸವೇ ಅಲ್ಲ.

## ಹಂತ 2: ಒಳಗೆ ಬರುವ ಪ್ರತಿ ತಂತಿಯನ್ನೂ ಬರೆದುಕೊಳ್ಳಿ

ನೋಟ್‌ಬುಕ್ ಹಿಡಿದು ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ. ಲೋಹದ ತಂತಿ ಎಲ್ಲೆಲ್ಲಿ ಗೋಡೆ ದಾಟಿ ಒಳಗೆ ಬರುತ್ತಿದೆ? ಕರೆಂಟ್ ಲೈನ್, ಡಿಶ್ ಕೇಬಲ್, ಟೆಲಿಫೋನ್ ವೈರ್, ಹೊರಗಿನ ಕ್ಯಾಮೆರಾ ಕೇಬಲ್, ಗೇಟ್‌ನ ಲೈಟ್, ನೀರಿನ ಪಂಪ್, ಸೋಲಾರ್ ಪ್ಯಾನೆಲ್, ಟ್ಯಾಂಕ್‌ನ ಲೆವೆಲ್ ಸೆನ್ಸರ್. ಒಂದನ್ನೂ ಬಿಡಬೇಡಿ.

ಈ ಪಟ್ಟಿಯನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಸುಟ್ಟ ಟಿವಿಗಳನ್ನು ಬಿಚ್ಚಿ ನೋಡಿದಾಗ ಎಷ್ಟೋ ಸಲ ಪವರ್ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಅದರ ಫ್ಯೂಸ್ ಕೂಡ ಹೋಗಿರುವುದಿಲ್ಲ. ಸತ್ತಿರುವುದು ಎಚ್‌ಡಿಎಂಐ ಪೋರ್ಟ್. ಸರ್ಜ್ ಬಂದ ದಾರಿ ಆಗ ಸ್ಪಷ್ಟ: ಛಾವಣಿಯ ಡಿಶ್‌ನಿಂದ ಕೇಬಲ್, ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿ. ಪ್ಲಗ್‌ಗೆ ಎಷ್ಟೇ ಒಳ್ಳೆಯ ಪ್ರೊಟೆಕ್ಟರ್ ಹಾಕಿದ್ದರೂ ಈ ದಾರಿಗೆ ಕಾವಲು ಇರಲಿಲ್ಲ.

## ಹಂತ 3: ಅರ್ತ್ ಪರೀಕ್ಷಿಸಿ, ಸರಿಮಾಡಿ

ಎಸ್‌ಪಿಡಿ ಸರ್ಜ್ ಅನ್ನು ನುಂಗುವುದಿಲ್ಲ, ದಾರಿ ಬದಲಿಸುತ್ತದೆ. ಬಹುಪಾಲು ಕರೆಂಟನ್ನು ಅರ್ತ್ ಕಡೆಗೆ ತಳ್ಳುತ್ತದೆ. ಚರಂಡಿಯೇ ಕಟ್ಟಿಕೊಂಡಿದ್ದರೆ ಮಳೆನೀರು ಮನೆಯೊಳಗೇ ನುಗ್ಗುತ್ತದಲ್ವಾ, ಹಾಗೇ ಇದು ಕೂಡ. ಹಣ ಕಡಿಮೆ ಇದೆ, ಒಂದೇ ಕೆಲಸ ಮಾಡಿಸಬಹುದು ಎಂದಾದರೆ ಅರ್ತ್ ಮಾಡಿಸಿ ಎನ್ನುವುದೇ ನನ್ನ ಸಲಹೆ. ಶಾಕ್‌ನಿಂದ ಜೀವ ಉಳಿಸುವುದೂ ಅದೇ.

ಮೊದಲು ನೀವೇ ನೋಡಬಹುದಾದದ್ದು: ಮೂರು ಪಿನ್ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ನಲ್ಲಿ ಇಟ್ಟು ಅಳೆಯಿರಿ. ಫೇಸ್–ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಫೇಸ್–ಅರ್ತ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ಫೇಸ್–ಅರ್ತ್ ನಡುವೆ ವೋಲ್ಟೇಜ್ ತೀರಾ ಕಡಿಮೆ ಬಂದರೆ, ಅಥವಾ ಅಂಕಿ ಒಂದೇ ಸಮ ಕುಣಿಯುತ್ತಿದ್ದರೆ, ಆ ಸಾಕೆಟ್‌ಗೆ ಅರ್ತ್ ವೈರ್ ತಲುಪೇ ಇಲ್ಲ ಎನ್ನುವ ಅನುಮಾನ ಬರಬೇಕು.

ಆದರೆ ಈ ಪರೀಕ್ಷೆ ಅರ್ತ್ ಕೆಟ್ಟಿದೆ ಎಂದು ಹೇಳಬಲ್ಲದು, ಚೆನ್ನಾಗಿದೆ ಎಂದು ಹೇಳಲಾರದು. ಮಲ್ಟಿಮೀಟರ್ ಎಳೆಯುವ ಕರೆಂಟ್ ಅತಿ ಕಡಿಮೆ. ತುಕ್ಕು ಹಿಡಿದ ಪೈಪ್, ಒಣಗಿದ ಗುಂಡಿ ಇದ್ದರೂ ಅದು 230 ತೋರಿಸಿಬಿಡುತ್ತದೆ. ಅದಕ್ಕೇ ಅರ್ತ್ ಟೆಸ್ಟರ್ ಬೇಕು. ಸ್ವಲ್ಪ ದೂರದಲ್ಲಿ ಎರಡು ಸಣ್ಣ ಕಂಬಿ ನೆಟ್ಟು, ಮೇನ್ ಆಫ್ ಮಾಡಿ, ಅರ್ತ್ ವೈರ್ ಬಿಡಿಸಿ ಅಳೆಯುತ್ತಾರೆ. ಮುಗಿದ ಮೇಲೆ ಆ ವೈರ್ ಮತ್ತೆ ಬಿಗಿಯಾಗಿ ಕೂತಿದೆಯೇ ನೋಡಿ. ಸಿಡಿಲಿನ ರಕ್ಷಣೆಗೆ ಅರ್ತ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ಅಡ್ಡಿ) 10 ಓಮ್‌ಗಿಂತ ಕಡಿಮೆ ಇರಲಿ ಎಂದು ಐಇಸಿ 62305 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಇನ್ನೂ ಕಡಿಮೆ ಬಂದರೆ ಒಳ್ಳೆಯದು. ಮಣ್ಣು ಒದ್ದೆಯಿದ್ದಾಗ ಅಳೆದ ಅಂಕಿಯನ್ನು ನಂಬಿ ಕೂರಬೇಡಿ, ನೆಲ ಒಣಗಿರುವಾಗಲೂ ಒಮ್ಮೆ ಅಳೆಸಿ.

ಕೆಲವರು ಫೇಸ್‌ಗೂ ಅರ್ತ್‌ಗೂ ನಡುವೆ ಬಲ್ಬ್ ಹಚ್ಚಿ ತೋರಿಸುತ್ತಾರೆ. ಬೇಡ. ಅರ್ತ್ ಎಲ್ಲೋ ಕಡಿದಿದ್ದರೆ ಮನೆಯ ಎಲ್ಲ ಲೋಹದ ಮೈಗಳಿಗೂ ಆ ಕ್ಷಣ ಕರೆಂಟ್ ಹರಿಯುತ್ತದೆ. ಯಾರೋ ಒಬ್ಬರು ಗೀಸರ್ ಮುಟ್ಟಿಕೊಂಡಿದ್ದರೆ ಮುಗಿಯಿತು.

ಓಮ್ ಜಾಸ್ತಿ ಬಂದರೆ ಇನ್ನೊಂದು ರಾಡ್ ಹಾಕಿಸಿ ಮೊದಲಿನದಕ್ಕೆ ಸೇರಿಸಬಹುದು. ಎರಡರ ನಡುವಿನ ಅಂತರ ಕನಿಷ್ಠ ಒಂದು ರಾಡ್‌ನ ಉದ್ದದಷ್ಟಿರಲಿ. ಪಕ್ಕಪಕ್ಕದಲ್ಲೇ ನೆಟ್ಟರೆ ಎರಡನೆಯದರಿಂದ ಅಂಥ ಲಾಭವಿಲ್ಲ. ಗುಂಡಿಗೆ ಉಪ್ಪು ಸುರಿಯುವುದು ಹಳೆಯ ಅಭ್ಯಾಸ. ಓಮ್ ಇಳಿಯುವುದು ನಿಜ, ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ, ನೀರಿನ ಜೊತೆ ಕರಗಿಯೂ ಹೋಗುತ್ತದೆ. ಬೆಂಟೊನೈಟ್ ಜೇಡಿಯಂಥ ಅರ್ತಿಂಗ್ ಕಾಂಪೌಂಡ್ ಹೆಚ್ಚು ಬಾಳಿಕೆ ಬರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು "ಬೇರೆ ಅರ್ತ್". ಕಂಪ್ಯೂಟರ್‌ಗೆ ಒಂದು, ಡಿಶ್‌ಗೆ ಒಂದು, ಛಾವಣಿಯ ಮಿಂಚುಬಂಧಕಕ್ಕೆ (ಸಿಡಿಲನ್ನು ನೆಲಕ್ಕಿಳಿಸುವ ಕಂಬಿ) ಒಂದು, ಎಸ್‌ಪಿಡಿಗೆ ಹೊಸದೊಂದು ಎಂದು ಪ್ರತ್ಯೇಕವಾಗಿ ರಾಡ್ ನೆಟ್ಟು, ಒಂದಕ್ಕೊಂದು ಸೇರಿಸದೆ ಬಿಡುತ್ತಾರೆ. ಸಿಡಿಲು ನೆಲಕ್ಕಿಳಿದಾಗ ಈ ರಾಡ್‌ಗಳ ನಡುವೆಯೇ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ. ಡಿಶ್ ಒಂದು ಅರ್ತ್‌ಗೆ, ಟಿವಿ ಇನ್ನೊಂದಕ್ಕೆ ಸೇರಿದ್ದರೆ ಆ ವ್ಯತ್ಯಾಸ ಹರಿಯುವುದು ಟಿವಿಯ ಒಳಗಿನಿಂದ. ರಾಡ್ ಎಷ್ಟಾದರೂ ಇರಲಿ, ಎಲ್ಲವೂ ದಪ್ಪ ತಂತಿಯಲ್ಲಿ ಒಂದೇ ಮೇನ್ ಅರ್ತ್ ಬಾರ್‌ಗೆ (ಅರ್ತ್ ವೈರ್‌ಗಳೆಲ್ಲ ಸೇರುವ ಲೋಹದ ಪಟ್ಟಿ) ಸೇರಿರಬೇಕು.

## ಹಂತ 4: ಮೇನ್ ಬೋರ್ಡ್‌ಗೆ ಸರಿಯಾದ ಎಸ್‌ಪಿಡಿ ಆರಿಸಿ

ಎಸ್‌ಪಿಡಿಯಲ್ಲಿ ಮೂರು ಬಗೆ. ಟೈಪ್ 1 ಸಿಡಿಲಿನ ನೇರ ಕರೆಂಟಿನ ಪಾಲನ್ನು ತಡೆದುಕೊಳ್ಳುತ್ತದೆ. ಟೈಪ್ 2 ಲೈನ್ ಮೂಲಕ ಬರುವ ಸರ್ಜ್‌ಗೆ. ಟೈಪ್ 3 ಉಪಕರಣದ ಪಕ್ಕದಲ್ಲಿ ಇಡುವಂಥದ್ದು, ಅದು ಒಂಟಿಯಾಗಿ ಸಾಲದು.

ಕಟ್ಟಡದ ಮೇಲೆ ಮಿಂಚುಬಂಧಕ ಇದ್ದರೆ ಟೈಪ್ 1 ಬೇಕೇ ಬೇಕು. ಮಿಂಚುಬಂಧಕ ಗೋಡೆ, ಛಾವಣಿಯನ್ನು ಉಳಿಸುತ್ತದೆ, ಒಳಗಿನ ಟಿವಿಯನ್ನಲ್ಲ. ಅದರ ಮೇಲೆ ಸಿಡಿಲು ಬಿದ್ದಾಗ ಅರ್ತ್ ವೋಲ್ಟೇಜ್ ಏರಿ, ಕರೆಂಟಿನ ಒಂದು ಪಾಲು ಅರ್ತ್ ಬಾರ್‌ನಿಂದ ವೈರಿಂಗ್ ಒಳಗೇ ನುಗ್ಗುತ್ತದೆ. ಮಿಂಚುಬಂಧಕ ಇಲ್ಲ, ಆದರೆ ಕರೆಂಟ್ ಕಂಬದಿಂದ ಬಯಲು ತಂತಿಯಲ್ಲಿ ಬರುತ್ತಿದೆ, ಮನೆ ಒಂಟಿಯಾಗಿ ಎತ್ತರದಲ್ಲಿದೆ ಎಂದಾದರೆ ಟೈಪ್ 1 ಮತ್ತು 2 ಸೇರಿದ ಒಂದೇ ಸಾಧನ ಒಳ್ಳೆಯದು. ಉಳಿದ ಕಡೆ ಟೈಪ್ 2 ಸಾಕು.

ಸಾಧನದ ಮೇಲಿನ ಅಂಕಿಗಳಲ್ಲಿ ಇವನ್ನು ನೋಡಿ:

ಯುಸಿ (Uc) ಅಂದರೆ ಅದು ಸದಾ ತಡೆದುಕೊಳ್ಳಬಲ್ಲ ವೋಲ್ಟೇಜ್. 230 ವೋಲ್ಟ್ ಲೈನ್‌ಗೆ 275 ಎಂದಿರುವವು ಸಿಗುತ್ತವೆ. ಆದರೆ ವೋಲ್ಟೇಜ್ ಆಗಾಗ ಏರುವ ಕಡೆ 320 ಇರುವುದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಸರ್ಜ್ ಬರುವ ಮೊದಲೇ ಅದು ಸವೆದಿರುತ್ತದೆ.

ಯುಪಿ (Up) ಅಂದರೆ ಸರ್ಜ್ ಬಂದಾಗ ಒಳಗೆ ಬಿಡುವ ವೋಲ್ಟೇಜ್. ಕಡಿಮೆ ಇದ್ದಷ್ಟೂ ಒಳ್ಳೆಯದು. 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರಲಿ.

ಇನ್ನು ಕಿಲೋಆಂಪಿಯರ್, ಅಂದರೆ ಎಷ್ಟು ಸರ್ಜ್ ಕರೆಂಟ್ ತಡೆದುಕೊಳ್ಳಬಲ್ಲದು ಎನ್ನುವ ಅಂಕಿ. ಟೈಪ್ 2ರಲ್ಲಿ ನಾಮಿನಲ್ 20, ಗರಿಷ್ಠ 40 ಇರುವುದು ಮನೆಗೆ ಧಾರಾಳವಾಯಿತು. ಟೈಪ್ 1ರಲ್ಲಿ ಪ್ರತಿ ಫೇಸ್‌ಗೆ 12.5 ಎಂಬುದನ್ನು ಸಾಮಾನ್ಯವಾಗಿ ಕಾಣುತ್ತೀರಿ. 40ಕ್ಕಿಂತ 12.5 ಸಣ್ಣದು ಎಂದು ಎಣಿಸಬೇಡಿ. ಎರಡನ್ನೂ ಅಳೆಯುವ ಅಲೆಯೇ ಬೇರೆ. ಟೈಪ್ 1ರದ್ದು ಬಹಳ ಹೊತ್ತು ಇರುವ, ಹೆಚ್ಚು ಶಕ್ತಿಯ ಅಲೆ.

ಕಿಟಕಿಯಲ್ಲಿ ಹಸಿರು–ಕೆಂಪು ಸೂಚಕ ಇರುವ, ಒಳಗಿನ ಕಾರ್ಟ್ರಿಜ್ ಮಾತ್ರ ಕಳಚಿ ಬದಲಾಯಿಸಬಹುದಾದ ಮಾದರಿಯನ್ನೇ ಕೊಳ್ಳಿ. ನಿಮ್ಮ ಮನೆಗೆ ಸ್ವಂತ ಅರ್ತ್ ರಾಡ್ ಮಾತ್ರ ಇದ್ದು ಸಪ್ಲೈ ಜೊತೆ ಅರ್ತ್ ಬರದಿದ್ದರೆ, ಸಿಂಗಲ್ ಫೇಸ್‌ಗೆ "1+1", ಮೂರು ಫೇಸ್‌ಗೆ "3+1" ಎಂದು ಬರೆದಿರುವುದನ್ನು ಕೇಳಿ. ಅದರಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಸ್ಪಾರ್ಕ್ ಗ್ಯಾಪ್ (ಸರ್ಜ್ ಬಂದಾಗ ಮಾತ್ರ ಕಿಡಿ ಹಾರಿ ಕರೆಂಟ್ ಬಿಡುವ ಅಂತರ) ಇರುತ್ತದೆ. ಫೇಸ್ ಕಡೆಯ ಭಾಗ ಕೆಟ್ಟರೂ ಅರ್ತ್‌ಗೆ ನೇರವಾಗಿ ಕರೆಂಟ್ ಸೋರುವುದಿಲ್ಲ.

## ಹಂತ 5: ಜೋಡಣೆ. ಇಲ್ಲೇ ಜಾಸ್ತಿ ಜನ ಸೋಲುವುದು

ಎಲ್ಲಕ್ಕಿಂತ ಮುಖ್ಯವಾದದ್ದು ವೈರ್‌ನ ಉದ್ದ. ಫೇಸ್‌ನಿಂದ ಎಸ್‌ಪಿಡಿಗೆ ಹೋಗುವ ವೈರ್, ಎಸ್‌ಪಿಡಿಯಿಂದ ಅರ್ತ್ ಬಾರ್‌ಗೆ ಹೋಗುವ ವೈರ್, ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು.

ಯಾಕೆ ಎಂದು ಒಂದು ಲೆಕ್ಕದಲ್ಲಿ ನೋಡೋಣ. ಸರ್ಜ್ ಎಷ್ಟು ವೇಗದಲ್ಲಿ ಏರುತ್ತದೆ ಎಂದರೆ, ಸಾದಾ ತಾಮ್ರದ ವೈರ್ ಕೂಡ ಅದಕ್ಕೆ ಅಡ್ಡಿ ಮಾಡುತ್ತದೆ. ಒಂದು ಮೈಕ್ರೋಸೆಕೆಂಡ್‌ಗೆ ಒಂದು ಕಿಲೋಆಂಪಿಯರ್ ಏರುವಾಗ ಪ್ರತಿ ಮೀಟರ್ ವೈರ್ ಮೇಲೆ ಸುಮಾರು 1 ಕಿಲೋವೋಲ್ಟ್ ಹುಟ್ಟುತ್ತದೆ. ಎಸ್‌ಪಿಡಿಯ ಯುಪಿ 1.5 ಕಿಲೋವೋಲ್ಟ್ ಎಂದಿಟ್ಟುಕೊಳ್ಳಿ. ವೈರ್ 1.2 ಮೀಟರ್ ಇದ್ದರೆ ಒಟ್ಟು 2.7 ಆಯಿತು. ಮನೆಬಳಕೆಯ ಸಾಮಾನ್ಯ ಉಪಕರಣಗಳು ತಡೆದುಕೊಳ್ಳಬೇಕಾದ ಮಿತಿಯೇ 2.5. ಅಂದರೆ ಒಳ್ಳೆಯ ಸಾಧನ ಕೊಂಡು, ಕೇವಲ ವೈರ್‌ನಿಂದ ಅದನ್ನು ನಿಷ್ಪ್ರಯೋಜಕ ಮಾಡಿದ ಹಾಗಾಯಿತು. ಅರ್ಧ ಮೀಟರ್‌ನಲ್ಲಿ ಮುಗಿಸಿದ್ದರೆ 2.0. ವೈರ್ ದಪ್ಪ ಮಾಡಿದರೆ ಸರಿಹೋಗುವುದಿಲ್ಲ, ಕತ್ತರಿಸಿ ಗಿಡ್ಡ ಮಾಡಲೇಬೇಕು.

ನೋಡಲು ಚೆಂದದ ಕೆಲಸವೇ ಇಲ್ಲಿ ಹಾಳು ಮಾಡುವುದು. ಬೋರ್ಡ್‌ನ ಕೊನೆಯಲ್ಲಿ ಖಾಲಿ ಜಾಗ ಇತ್ತೆಂದು ಎಸ್‌ಪಿಡಿಯನ್ನು ಅಲ್ಲಿ ಕೂರಿಸುತ್ತಾರೆ. ವೈರ್‌ಗಳನ್ನು ಬೋರ್ಡ್‌ನ ಅಂಚಿನಲ್ಲಿ ಅಚ್ಚುಕಟ್ಟಾಗಿ ಬಾಗಿಸಿ, ಮಿಕ್ಕಿದ್ದನ್ನು ಸುರುಳಿ ಸುತ್ತಿ ಟೈ ಕಟ್ಟುತ್ತಾರೆ. ಬಾಗಿಲು ತೆಗೆದರೆ ಕಣ್ಣಿಗೆ ಹಬ್ಬ. ಟೇಪ್ ಹಿಡಿದು ಅಳೆದರೆ ಒಂದೂವರೆ ಮೀಟರ್. ಇಂಥದ್ದು ಕಂಡರೆ ಮುಲಾಜಿಲ್ಲದೆ ಬದಲು ಮಾಡಿಸಿ: ಮೇನ್ ಸ್ವಿಚ್‌ನ ಪಕ್ಕದ ಎಂಸಿಬಿಯನ್ನು ಸರಿಸಿ ಎಸ್‌ಪಿಡಿ ಅಲ್ಲಿಗೆ ಬರಲಿ, ಅದರ ಕೆಳಗೇ ಒಂದು ಅರ್ತ್ ಬಾರ್ ಇರಲಿ.

ಕೆಲಸದ ಕ್ರಮ ಹೀಗಿರಲಿ:

1. ಮೇನ್ ಆಫ್ ಮಾಡಿ, ಬೀಗ ಹಾಕಿ. ಇನ್ವರ್ಟರ್, ಸೋಲಾರ್ ಇದ್ದರೆ ಅವೂ ಆಫ್ ಆಗಬೇಕು. ಟೆಸ್ಟರ್‌ನಿಂದ ಕರೆಂಟ್ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೇ ಕೈ ಹಾಕಬೇಕು.

2. ಎಸ್‌ಪಿಡಿಯನ್ನು ಮೇನ್ ಸ್ವಿಚ್ ಆದ ಮೇಲೆ, ಆರ್‌ಸಿಸಿಬಿಗಿಂತ ಮೊದಲು ಇಡಿ. ಆರ್‌ಸಿಸಿಬಿ ಆದ ಮೇಲೆ ಇಟ್ಟರೆ ಪ್ರತಿ ಗುಡುಗಿಗೂ ಟ್ರಿಪ್ ಆಗಬಹುದು, ಸರ್ಜ್ ಕರೆಂಟ್ ಅದರ ಮೂಲಕವೇ ಹಾದು ಅದನ್ನೂ ಕೆಡಿಸಬಹುದು.

3. ಎಸ್‌ಪಿಡಿಗೆ ಮುಂಚೆ ತಯಾರಕರು ಹೇಳಿದ ಅಳತೆಯ ಫ್ಯೂಸ್ ಅಥವಾ ಎಂಸಿಬಿ ಹಾಕಿ. ಎಸ್‌ಪಿಡಿ ಶಾರ್ಟ್ ಆಗಿ ಸತ್ತಾಗ ಬೆಂಕಿ ಹತ್ತದಂತೆ ಕಾಯುವುದು ಇದೇ. ಕೈಗೆ ಸಿಕ್ಕ ಎಂಸಿಬಿ ಆಗುವುದಿಲ್ಲ.

4. ಅರ್ತ್ ಕಡೆಗೆ ಟೈಪ್ 2ಕ್ಕೆ ಕನಿಷ್ಠ 6 ಸ್ಕ್ವೇರ್ ಎಂಎಂ, ಟೈಪ್ 1ಕ್ಕೆ 16 ಸ್ಕ್ವೇರ್ ಎಂಎಂ ತಾಮ್ರದ ವೈರ್. ತುದಿಗೆ ಲಗ್ ಕ್ರಿಂಪ್ ಮಾಡಿಸಿ. ಎಳೆಗಳನ್ನು ಸುಮ್ನೆ ತಿರುಚಿ ಸ್ಕ್ರೂ ಒತ್ತಿದರೆ ನಾಳೆ ಸಡಿಲವಾಗುತ್ತದೆ.

5. ಈ ಅರ್ತ್ ವೈರ್ ಹೋಗಬೇಕಾದದ್ದು ಮನೆಯ ಸಾಕೆಟ್‌ಗಳ ಅರ್ತ್ ಸೇರುವ ಅದೇ ಬಾರ್‌ಗೆ. ಚೂಪಾದ ತಿರುವು ಬೇಡ. ಒಳಗೆ ಹೋಗುವ ಸರ್ಕ್ಯೂಟ್ ವೈರ್‌ಗಳ ಜೊತೆ ಒಂದೇ ಕಂತೆಯಾಗಿ ಕಟ್ಟಬೇಡಿ, ಒಂದರ ಸರ್ಜ್ ಇನ್ನೊಂದಕ್ಕೆ ದಾಟುತ್ತದೆ.

6. ಕರೆಂಟ್ ಹಾಕಿ. ಕಿಟಕಿ ಹಸಿರು ತೋರಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಬೋರ್ಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಜಾಗ ತೀರಾ ಇಕ್ಕಟ್ಟಾಗಿ ಅರ್ಧ ಮೀಟರ್ ಸಾಧ್ಯವೇ ಇಲ್ಲ ಎಂದರೆ, ಫೇಸ್ ವೈರನ್ನು ಮೊದಲು ಎಸ್‌ಪಿಡಿಯ ಟರ್ಮಿನಲ್‌ಗೇ ತಂದು, ಅಲ್ಲಿಂದಲೇ ಮುಂದಕ್ಕೆ ಒಯ್ಯುವ ವಿಧಾನವಿದೆ. ವಿ ಆಕಾರದ ಜೋಡಣೆ ಎನ್ನುತ್ತಾರೆ. ಆ ಟರ್ಮಿನಲ್ ಮನೆಯ ಪೂರ್ತಿ ಲೋಡ್ ತಡೆಯುವಂತಿದ್ದರೆ ಮಾತ್ರ ಇದು ಆಗುತ್ತದೆ.

ಮುಂದೊಂದು ದಿನ ಯಾರಾದರೂ ಮೆಗ್ಗರ್ ಹಾಕಿ ವೈರಿಂಗ್ ಪರೀಕ್ಷಿಸುವಾಗ ಎಸ್‌ಪಿಡಿಯ ಕಾರ್ಟ್ರಿಜ್ ಕಳಚಿಡಲು ಹೇಳಿ. ಅದು ಇದ್ದರೆ ವೈರಿಂಗ್ ಕೆಟ್ಟಿದೆ ಎಂದು ಸುಳ್ಳು ಲೆಕ್ಕ ಬರುತ್ತದೆ.

## ಹಂತ 6: ಓವರ್ ವೋಲ್ಟೇಜ್‌ಗೆ ಬೇರೆ ಕಾವಲು

ಮೇನ್ ಬೋರ್ಡ್‌ನಲ್ಲಿ ಓವರ್–ಅಂಡರ್ ವೋಲ್ಟೇಜ್ ರಿಲೇ ಹಾಕಿಸಿ. ವೋಲ್ಟೇಜ್ ಮಿತಿ ದಾಟಿದರೆ ಇಡೀ ಮನೆಯ ಕರೆಂಟ್ ಕಡಿದು, ಸರಿಹೋದ ಮೇಲೆ ತಾನಾಗಿ ಸೇರಿಸುತ್ತದೆ. ಮೇಲಿನ ಮಿತಿ 265ರ ಆಸುಪಾಸು ಇಟ್ಟುಕೊಳ್ಳಬಹುದು. ಮತ್ತೆ ಸೇರಿಸುವುದಕ್ಕೆ ಸುಮಾರು ಮೂರು ನಿಮಿಷ ತಡ ಇರಲಿ. ಫ್ರಿಜ್, ಎಸಿಗಳ ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಓಡಿದರೆ ಒತ್ತಡಕ್ಕೆ ಸಿಕ್ಕಿ ಕೆಡುತ್ತದೆ.

ನ್ಯೂಟ್ರಲ್ ಸಡಿಲವಾಗಿರುವುದರ ಗುರುತು ನೆನಪಿಡಿ. ಒಂದು ಕೋಣೆಯ ಬಲ್ಬ್ ಇದ್ದಕ್ಕಿದ್ದಂತೆ ಜಗಮಗಿಸಿ ಇನ್ನೊಂದು ಕೋಣೆಯದು ಮಂಕಾದರೆ ಅದೇ ಲಕ್ಷಣ. ಆಗ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಆಫ್ ಮಾಡಿ, ಆಮೇಲೆ ವಿದ್ಯುತ್ ಕಂಪನಿಗೆ ಫೋನ್ ಮಾಡಿ.

## ಹಂತ 7: ಉಪಕರಣದ ಪಕ್ಕದ ರಕ್ಷಣೆ

ಮೇನ್ ಬೋರ್ಡ್‌ನಿಂದ ವೈರ್ ದಾರಿಯಲ್ಲಿ 10 ಮೀಟರ್‌ಗಿಂತ ದೂರ ಇರುವ ಬೆಲೆಬಾಳುವ ಉಪಕರಣಗಳಿಗೆ ಇನ್ನೊಂದು ಎಸ್‌ಪಿಡಿ ಬೇಕು. ದೂರ ಹೋದಂತೆ ಉಳಿದ ಸರ್ಜ್ ವೈರ್‌ನ ತುದಿಯಲ್ಲಿ ಪುಟಿದು ಮತ್ತೆ ಏರಬಲ್ಲದು. ಮಹಡಿ ಮನೆಯಾದರೆ ಮೇಲಿನ ಬೋರ್ಡ್‌ಗೂ ಒಂದು ಟೈಪ್ 2 ಹಾಕಿಸುವುದು ಒಳ್ಳೆಯದು.

ಸ್ಪೈಕ್ ಗಾರ್ಡ್ ಬರುವುದು ಈಗ. ಕೊಳ್ಳುವಾಗ ಪೆಟ್ಟಿಗೆ ಮೇಲೆ ಜೂಲ್, ಕಿಲೋಆಂಪಿಯರ್, ಕ್ಲ್ಯಾಂಪಿಂಗ್ ವೋಲ್ಟೇಜ್ (ಸರ್ಜ್ ಬಂದಾಗ ಒಳಗೆ ಬಿಡುವ ವೋಲ್ಟೇಜ್) ಬರೆದಿದೆಯೇ ನೋಡಿ. ಒಂದೂ ಇಲ್ಲದಿದ್ದರೆ ಅದು ಬರೀ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಆಗಿರುವ ಸಾಧ್ಯತೆಯೇ ಹೆಚ್ಚು. ಒಳಗಿರುವ ವ್ಯಾರಿಸ್ಟರ್ ಎಂಬ ಪುಟ್ಟ ಬಿಲ್ಲೆ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. "ಪ್ರೊಟೆಕ್ಟೆಡ್" ಎಂಬ ದೀಪ ಆರಿದರೆ ರಕ್ಷಣೆ ಹೋಯಿತು ಎಂದರ್ಥ, ಸಾಕೆಟ್‌ಗಳು ಕೆಲಸ ಮಾಡುತ್ತಲೇ ಇದ್ದರೂ ಕೂಡ. ಹೀಗಾಗಿದ್ದನ್ನು ಬದಲಾಯಿಸಿ.

ಮೂರು ಪಿನ್ ಪ್ಲಗ್‌ಗೆ ಎರಡು ಪಿನ್ ಅಡಾಪ್ಟರ್ ಹಾಕಬೇಡಿ, ಅರ್ತ್ ಅಲ್ಲೇ ಕಡಿದುಹೋಗುತ್ತದೆ. ಒಂದು ಸ್ಪೈಕ್ ಗಾರ್ಡ್‌ಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಯುಪಿಎಸ್ ಅಥವಾ ಇನ್ವರ್ಟರ್ ಇದ್ದರೆ ಪ್ರೊಟೆಕ್ಟರ್ ಅದಕ್ಕೆ ಕರೆಂಟ್ ಬರುವ ಕಡೆ ಇರಲಿ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಗೆ ಬದಲಾಗುವವರೆಗೆ ಲೈನ್ ಕರೆಂಟನ್ನೇ ನೇರವಾಗಿ ಕಂಪ್ಯೂಟರ್‌ಗೆ ಬಿಡುತ್ತವೆ ಎನ್ನುವುದೂ ಗೊತ್ತಿರಲಿ.

## ಹಂತ 8: ಉಳಿದ ತಂತಿಗಳು

ಎರಡನೇ ಹಂತದ ಪಟ್ಟಿ ತೆಗೆಯಿರಿ. ಒಂದೊಂದಕ್ಕೂ ಮನೆಯೊಳಗೆ ಬರುವ ಜಾಗದಲ್ಲೇ ಅದರದರ ಪ್ರೊಟೆಕ್ಟರ್ ಬೇಕು, ಎಲ್ಲದರ ಅರ್ತ್ ಅದೇ ಮೇನ್ ಬಾರ್‌ಗೆ ಸೇರಬೇಕು.

ಡಿಶ್ ಕೇಬಲ್‌ಗೆ ಕೋಆಕ್ಸಿಯಲ್ ಪ್ರೊಟೆಕ್ಟರ್. ಹೊರಗಿನ ಕ್ಯಾಮೆರಾ ಕೇಬಲ್‌ನಲ್ಲಿ ಡೇಟಾ ಜೊತೆ ಕರೆಂಟೂ ಹೋಗುವುದಾದರೆ ಅದಕ್ಕೆಂದೇ ಇರುವ ಪ್ರೊಟೆಕ್ಟರ್ ಎರಡೂ ತುದಿಗೆ ಬೇಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ನೆಟ್‌ವರ್ಕ್ ಎಳೆಯುವುದಾದರೆ ತಾಮ್ರದ ಕೇಬಲ್ ಬೇಡವೇ ಬೇಡ, ಫೈಬರ್ ಹಾಕಿ. ಗಾಜಿನ ಎಳೆಯಲ್ಲಿ ಸರ್ಜ್ ಬರುವುದಿಲ್ಲ. ಆದರೆ ನೇತುಹಾಕಿದ ಫೈಬರ್ ಕೇಬಲ್‌ನಲ್ಲಿ ಆಸರೆಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಮೋಡೆಮ್‌ವರೆಗೆ ತರಬಾರದು.

ಕೊಳವೆಬಾವಿಯ ಪಂಪ್‌ಗೆ ಹೆಚ್ಚು ಗಮನ ಬೇಕು. ಅದರ ಲೋಹದ ಮೈ ನೀರಲ್ಲಿ ಮುಳುಗಿರುತ್ತದೆ. ಸಿಡಿಲಿಗೆ ಅದಕ್ಕಿಂತ ಒಳ್ಳೆಯ ಅರ್ತ್ ಎಲ್ಲಿ ಸಿಗಬೇಕು? ಲೈನ್‌ನಲ್ಲಿ ಬಂದ ಸರ್ಜ್ ಕೇಬಲ್ ಹಿಡಿದು ಕೆಳಗಿಳಿದು ಮೋಟರ್‌ನೊಳಗಿನ ತಂತಿ ಸುತ್ತನ್ನು (ವೈಂಡಿಂಗ್) ತೂತು ಮಾಡುತ್ತದೆ. ಬಾವಿಯ ಬಾಯಿಯ ಹತ್ತಿರದ ಪ್ಯಾನೆಲ್‌ನಲ್ಲಿ ಎಸ್‌ಪಿಡಿ ಇರಲಿ, ಅದರ ಅರ್ತನ್ನು ಕೇಸಿಂಗ್ ಪೈಪ್ ಲೋಹದ್ದಾದರೆ ಅದಕ್ಕೂ ಸೇರಿಸಿ.

ಸೋಲಾರ್ ಪ್ಯಾನೆಲ್‌ನಿಂದ ಬರುವುದು ಡಿಸಿ. ಎಸಿ ಎಸ್‌ಪಿಡಿಯನ್ನು ಅಲ್ಲಿ ಹಾಕಿದರೆ ಬೆಂಕಿಯ ಅಪಾಯ. ಡಿಸಿಗೆಂದೇ ಮಾಡಿದ್ದು, ಪ್ಯಾನೆಲ್‌ಗಳ ಸಾಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್‌ಗಿಂತ (ಲೋಡ್ ಇಲ್ಲದಾಗ ಬರುವ ವೋಲ್ಟೇಜ್) ಕನಿಷ್ಠ ಶೇಕಡಾ 20 ಹೆಚ್ಚು ತಡೆಯುವಂಥದ್ದು ಬೇಕು. ಪ್ಲಸ್–ಮೈನಸ್ ವೈರ್‌ಗಳನ್ನು ಒಂದಕ್ಕೊಂದು ಅಂಟಿಕೊಂಡೇ ಎಳೆಸಿ. ಅವುಗಳ ನಡುವೆ ದೊಡ್ಡ ಕುಣಿಕೆಯಂಥ ಜಾಗ ಬಿಟ್ಟರೆ ಹತ್ತಿರದ ಸಿಡಿಲು ಅದರಲ್ಲೇ ವೋಲ್ಟೇಜ್ ಹುಟ್ಟಿಸುತ್ತದೆ.

## ಹಂತ 9: ಗುಡುಗು ಶುರುವಾದಾಗ

ಮೇಲಿನದ್ದೆಲ್ಲ ಮಾಡಿಸಿದ್ದರೂ ಮನೆಗೇ ಬಡಿದ ಸಿಡಿಲಿಗೆ ಯಾವ ಸಾಧನವೂ ಪೂರ್ತಿ ಗ್ಯಾರಂಟಿ ಕೊಡಲಾರದು. ಪ್ಲಗ್ ತೆಗೆದಿಡುವುದಕ್ಕೆ ಸಮನಾದದ್ದು ಇಲ್ಲ.

ಆದರೆ ಅದನ್ನು ಗುಡುಗು ದೂರ ಇರುವಾಗಲೇ ಮಾಡಬೇಕು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡ್‌ಗಳನ್ನು ಎಣಿಸಿ ಮೂರರಿಂದ ಭಾಗಿಸಿ, ಅಷ್ಟು ಕಿಲೋಮೀಟರ್ ದೂರ. 30 ಸೆಕೆಂಡ್‌ಗಿಂತ ಕಡಿಮೆಯಾದರೆ ಪ್ಲಗ್, ಕೇಬಲ್ ಯಾವುದಕ್ಕೂ ಕೈ ಹಾಕಬೇಡಿ. ಟಿವಿ ಹೋದರೆ ಹೋಗಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹಾಗೇ ಬಿಡಿ.

ಸ್ವಿಚ್ ಆಫ್ ಮಾಡಿದರೆ ಸಾಲದು. ಅದರೊಳಗಿನ ಅಂತರ ಕೆಲವೇ ಮಿಲಿಮೀಟರ್, ಸರ್ಜ್ ಅದನ್ನು ಹಾರಿಬಿಡುತ್ತದೆ. ಸಾಮಾನ್ಯ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ, ನ್ಯೂಟ್ರಲ್ ಸೇರಿಯೇ ಇರುತ್ತದೆ. ಪ್ಲಗ್ ಕಿತ್ತು, ಸಾಕೆಟ್‌ನಿಂದ ದೂರ ಇಡಿ. ಟಿವಿಯ ಪ್ಲಗ್ ಕಿತ್ತು ಡಿಶ್ ಕೇಬಲ್ ಹಾಗೇ ಬಿಟ್ಟರೆ ಅರ್ಧ ಕೆಲಸ. ಮೋಡೆಮ್‌ನ ನೆಟ್‌ವರ್ಕ್ ಕೇಬಲ್ ಕೂಡ ತೆಗೆಯಿರಿ.

ಕರೆಂಟ್ ಹೋಗಿ ಬಂದ ತಕ್ಷಣ ಎಲ್ಲವನ್ನೂ ಹಾಕಬೇಡಿ. ಒಂದು ಬಲ್ಬ್ ಹಾಕಿ ಐದು ನಿಮಿಷ ನೋಡಿ. ಬೆಳಕು ಸ್ಥಿರವಾಗಿದ್ದರೆ ಒಂದೊಂದಾಗಿ ಹಾಕುತ್ತಾ ಬನ್ನಿ.

## ಹಂತ 10: ತಪಾಸಣೆ ಮತ್ತು ಎಚ್ಚರಿಕೆಯ ಗುರುತುಗಳು

ಪ್ರತಿ ದೊಡ್ಡ ಗುಡುಗಿನ ನಂತರ ಎಸ್‌ಪಿಡಿಯ ಕಿಟಕಿ ನೋಡಿ. ಕೆಂಪಾಗಿದ್ದರೆ ಅದು ತನ್ನ ಕೆಲಸ ಮುಗಿಸಿದೆ, ಕಾರ್ಟ್ರಿಜ್ ಬದಲಾಯಿಸಿ. ಅದರ ಮುಂದಿನ ಎಂಸಿಬಿ ಬಿದ್ದಿದ್ದರೂ ಮನೆಯ ಕರೆಂಟ್ ಇರುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಅದನ್ನೂ ನೋಡಿ. ವರ್ಷಕ್ಕೊಮ್ಮೆ ಅರ್ತ್ ಅಳೆಸಿ, ಟರ್ಮಿನಲ್ ಸ್ಕ್ರೂ ಬಿಗಿ ಮಾಡಿಸಿ, ಅಂಕಿಯನ್ನು ತಾರೀಖಿನ ಜೊತೆ ಬೋರ್ಡ್ ಬಾಗಿಲ ಒಳಗೆ ಬರೆದಿಡಿ.

ಫ್ರಿಜ್ ಅಥವಾ ಕಂಪ್ಯೂಟರ್‌ನ ಲೋಹ ಮುಟ್ಟಿದರೆ ಜುಮ್ ಎನ್ನುವುದು, ಬೋರ್ಡ್‌ನಿಂದ ಗುಂಯ್ ಶಬ್ದ, ಸುಟ್ಟ ಪ್ಲಾಸ್ಟಿಕ್ ವಾಸನೆ, ಸಾಕೆಟ್ ಸುತ್ತ ಕಂದು ಕಲೆ, ಎಸ್‌ಪಿಡಿ ಕೈಗೆ ಬೆಚ್ಚಗೆ ತಗಲುವುದು. ಇವುಗಳಲ್ಲಿ ಒಂದು ಕಂಡರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ.

## ಹಂತ 11: ಏಟು ಬಿದ್ದ ಮೇಲೆ

ಹತ್ತಿರದಲ್ಲಿ ಸಿಡಿಲು ಬಡಿದು ಉಪಕರಣ ನಿಂತಿದ್ದರೆ ಕೂಡಲೇ ಆನ್ ಮಾಡಿ ನೋಡಬೇಡಿ. ಅರ್ಧ ಕೆಟ್ಟ ಬೋರ್ಡ್‌ಗೆ ಮತ್ತೆ ಕರೆಂಟ್ ಕೊಟ್ಟರೆ ಉಳಿದರ್ಧವೂ ಹೋಗುತ್ತದೆ, ಬೆಂಕಿಯೂ ಹತ್ತಬಹುದು. ಮೊದಲು ಎಲ್ಲ ಪ್ಲಗ್ ತೆಗೆದು, ಬೋರ್ಡ್ ನೋಡಿ, ಸಾಕೆಟ್‌ಗಳಲ್ಲಿ ವೋಲ್ಟೇಜ್ ಮತ್ತು ಅರ್ತ್ ಅಳೆಯಿರಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಾಯಿಸುವವರೆಗೆ ಕರೆಂಟ್ ಬಳಸಬೇಡಿ.

ಉಪಕರಣಗಳನ್ನು ನೀವೇ ಬಿಚ್ಚಬೇಡಿ. ಟಿವಿ, ಯುಪಿಎಸ್‌ಗಳ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ರಿಪೇರಿಯವರ ಹತ್ತಿರ "ಯಾವ ಭಾಗ ಸುಟ್ಟಿದೆ" ಎಂದು ಕೇಳಿ ಬರೆದುಕೊಳ್ಳಿ. ಪವರ್ ಸಪ್ಲೈ ಸುಟ್ಟಿದ್ದರೆ ಸರ್ಜ್ ಬಂದದ್ದು ಕರೆಂಟ್ ಲೈನ್‌ನಲ್ಲಿ, ಐದನೇ ಹಂತವನ್ನು ಮತ್ತೆ ಅಳತೆ ಟೇಪ್ ಹಿಡಿದು ನೋಡಿ. ಪೋರ್ಟ್‌ಗಳು ಮಾತ್ರ ಸತ್ತಿದ್ದರೆ ಎಂಟನೇ ಹಂತದಲ್ಲಿ ಒಂದು ತಂತಿ ಬಿಟ್ಟುಹೋಗಿದೆ. ಬೇರೆ ಬೇರೆ ಕೋಣೆಯ ಹಲವು ಉಪಕರಣಗಳು ಒಟ್ಟಿಗೆ ಹೋಗಿದ್ದು, ಅವುಗಳ ವ್ಯಾರಿಸ್ಟರ್‌ಗಳು ಕರಕಲಾಗಿದ್ದರೆ ಓವರ್ ವೋಲ್ಟೇಜ್ ಅನುಮಾನಿಸಿ, ನ್ಯೂಟ್ರಲ್ ಪರೀಕ್ಷೆ ಮಾಡಿಸದೆ ಹೊಸ ಉಪಕರಣ ತಂದು ಹಾಕಬೇಡಿ. ವಿಮೆ ಇದ್ದರೆ ಸುಟ್ಟ ಬೋರ್ಡ್‌ಗಳನ್ನು ಎಸೆಯದೆ, ಫೋಟೋ ಮತ್ತು ರಿಪೇರಿಯವರ ಬರಹದ ಜೊತೆ ಇಟ್ಟುಕೊಳ್ಳಿ.